ಚೀಟಿಗೆ ನೆನಪಿಲ್ಲ ಎಂದವರು

ನಮ್ಮ ಲೆಕ್ಕದ ಮೇಡಂ ಅವರ ಬಲಗೈ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ನೋಡಿಯೇ ಇಲ್ಲ. ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಏನನ್ನೋ ಎಣಿಸುತ್ತ ಓಡಾಡುತ್ತಲೇ ಇರುತ್ತಿತ್ತು. ಅವರೂ ಹಾಗೆಯೇ, ಕುರ್ಚಿಯಲ್ಲಿ ಕೂತವರಲ್ಲ. ತರೀಕೆರೆಯಿಂದ ಅಜ್ಜಂಪುರದ ನಮ್ಮ ಹೈಸ್ಕೂಲಿಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದರು.

ಹತ್ತನೇ ಕ್ಲಾಸಿನಲ್ಲಿ ಒಂದು ದಿನ, "ನಲವತ್ತೆರಡು ಜನ ಇದೀರಲ್ಲ, ಇಬ್ರದ್ದಾದ್ರೂ ಹುಟ್ಟಿದ ದಿನ ಒಂದೇ ಇರುತ್ತೆ ನೋಡ್ರೋ. ಹತ್ತರಲ್ಲಿ ಒಂಬತ್ತು ಪಾಲು ಖಂಡಿತ" ಎಂದರು. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಇರುವಾಗ ಅದು ಹೇಗೆ ಎಂದು ನಾವು ನಕ್ಕೆವು. ಹಾಜರಿ ಪುಸ್ತಕ ತೆಗೆದರೆ ಅರ್ಧ ಕ್ಲಾಸು ಹುಟ್ಟಿದ್ದು ಜೂನ್ ಒಂದಕ್ಕೆ! "ಇದು ದೇವರ ಲೆಕ್ಕ ಅಲ್ಲ ಕಣ್ರೋ, ನಿಮ್ಮನ್ನ ಸ್ಕೂಲಿಗೆ ಸೇರಿಸ್ಕೊಂಡ ಮೇಷ್ಟ್ರ ಲೆಕ್ಕ. ಮನೇಲಿ ನಿಮ್ಮಮ್ಮಂದಿರನ್ನ ಕೇಳ್ಕೊಂಡ್ ಬನ್ನಿ" ಎಂದರು. ಯುಗಾದಿ ಕಳೆದು ಮೂರನೇ ದಿನ, ಎಮ್ಮೆ ಕರು ಹಾಕಿದ ಮಾರನೇ ದಿನ ಎಂದೆಲ್ಲ ಉತ್ತರಗಳು ಬಂದವು. ಮೇಡಂ ಹಳೆಯ ಪಂಚಾಂಗಗಳನ್ನು ಹೊತ್ತು ತಂದು ಮೂರು ದಿನ ತಡಕಿದರು. ಕೊನೆಗೆ ನನ್ನದೂ ಕಮ್ಮಾರರ ಮನೆಯ ಹುಡುಗಿಯದೂ ಒಂದೇ ದಿನವೆಂದು ತಿಳಿದಾಗ ಚಪ್ಪಾಳೆ ತಟ್ಟಿ ಕುಣಿದುಬಿಟ್ಟರು. "ಎಣಿಸದೆ ನಂಬಬೇಡಿ, ಎಣಿಸದೆ ಹೆದರಬೇಡಿ" ಎನ್ನುವುದು ಅವರ ಮಾತು.

ಮದುವೆಯಾಗಿ ನಾನು ಕಡೂರಿಗೆ ಬಂದೆ. ಮೊದಲ ಮಗಳು ಎಂಟು ತಿಂಗಳಿಗೇ ಬಿಳಿಚಿಕೊಂಡಳು. ತಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಕರೆದೊಯ್ದು ರಕ್ತ ಹಾಕಿಸಬೇಕು. ನಿಮಗೆ ಹುಟ್ಟುವ ಪ್ರತಿ ಮಗುವಿಗೂ ಈ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಎಂದು ಡಾಕ್ಟರು ಹೇಳಿದ್ದರು. "ನಮ್ ವಂಶದಲ್ಲಿ ಇಂಥದ್ದಿರ್ಲಿಲ್ಲ" ಎಂದು ಅತ್ತೆ ಮೂರು ವರ್ಷ ನನ್ನ ಮುಖ ನೋಡದೆ ಮಾತಾಡಿದರು.

ಮತ್ತೆ ಬಸುರಾದೆ. ಹೊಟ್ಟೆಯಲ್ಲಿರುವ ಮಗುವಿಗೂ ಕಾಯಿಲೆಯಿದೆಯೇ ಎಂದು ಹನ್ನೆರಡು ವಾರ ತುಂಬುವುದರೊಳಗೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಅವಸರಪಡಿಸಿದರು. ಅತ್ತೆ ಒಪ್ಪಲಿಲ್ಲ. "ನಾಲ್ಕರಲ್ಲಿ ಒಂದು ಅಂದ್ರಲ್ಲ, ಆ ಒಂದು ಬಂದಾಯ್ತು. ಇನ್ ಮೂರಕ್ಕೆ ಏನೂ ಆಗಲ್ಲ." ನಾನೂ ಆ ಮಾತಿಗೇ ಜೋತುಬಿದ್ದೆ. ಆದರೂ ಕೂತರೆ ನಿಂತರೆ ಸಮಾಧಾನವಿಲ್ಲ. ಒಲೆಯ ಮೇಲೆ ಹಾಲಿಟ್ಟು ಬೀದಿಗೆ ಹೋಗಿ ನಿಲ್ಲುತ್ತಿದ್ದೆ.

ಹತ್ತನೇ ವಾರದಲ್ಲಿ, ಶಿವಮೊಗ್ಗದಿಂದ ಮಗಳೊಡನೆ ಬರುತ್ತಿದ್ದಾಗ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೇಡಂ ಕಿಟಕಿಯಲ್ಲಿ ನನ್ನನ್ನು ಕಂಡು ಒಳಗೆ ಹತ್ತಿದರು. ಎಲ್ಲವನ್ನೂ ಹೇಳಿದೆ. ಅತ್ತೆಯ ಲೆಕ್ಕವನ್ನೂ ಹೇಳಿ, "ಸರಿ ತಾನೇ ಮೇಡಂ?" ಎಂದೆ. ಹೂಂ ಅನ್ನಲಿ ಎಂದು ಅವರ ಬಾಯನ್ನೇ ನೋಡುತ್ತಿದ್ದೆ.

ಅವರು ಡೈರಿಯ ಹಾಳೆ ಹರಿದು ನಾಲ್ಕು ಚೀಟಿ ಮಾಡಿದರು. ಒಂದಕ್ಕೆ ಗುರುತು ಹಾಕಿ, ಎಲ್ಲವನ್ನೂ ಮಡಚಿ ಮಗಳ ಟೋಪಿಯೊಳಗೆ ಹಾಕಿದರು. ತೆಗೆದೆ. ಗುರುತಿನದೇ ಬಂತು.

"ಮಡಚಿ ವಾಪಸ್ ಹಾಕು. ಈಗ ಎಷ್ಟ್ ಚೀಟಿ ಇದಾವೆ?"

"ನಾಲ್ಕು."

"ಗುರುತಿಂದು?"

"ಒಂದು."

"ಹೋದ್ ಸಲ ಏನ್ ಬಂತು ಅಂತ ಚೀಟಿಗೆ ನೆನಪಿರಲ್ಲ ಕಣೇ. ಪ್ರತಿ ಸಲಾನೂ ನಾಲ್ಕರಲ್ಲಿ ಒಂದೇ."

ನನಗೆ ಮೈಯೆಲ್ಲ ಉರಿದುಹೋಯಿತು. "ನೀವೊಂದು ಹೆತ್ತಿದ್ರೆ ಹಿಂಗೆ ಚೀಟಿ ಆಡ್ತಿರ್ಲಿಲ್ಲ" ಎಂದುಬಿಟ್ಟೆ. ಮೇಡಂ ಮದುವೆಯಾದವರಲ್ಲ. ಅವರ ಮುಖ ಸಣ್ಣದಾಯಿತು. ಕಂಡಕ್ಟರ್ ಸೀಟಿ ಊದಿದ. ಮೇಡಂ ಇಳಿದು ಹೋದರು.

ಆ ಭಾನುವಾರ ನಮ್ಮ ಕಡೂರಿನ ಮನೆಯ ಬಾಗಿಲಲ್ಲಿ ಅವರೇ ನಿಂತಿದ್ದರು. ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಅವರೆಕಾಳು, ಹುರುಳಿಕಾಳು ತರಿಸಿಕೊಂಡು ಅತ್ತೆಯ ಎದುರು ನೆಲದ ಮೇಲೆ ಕೂತರು.

"ಅಮ್ಮ, ಅವರೆ ಒಳ್ಳೇದು, ಹುರುಳಿ ಕಾಯಿಲೇದು. ಅಪ್ಪನ ಹತ್ರ ಒಂದ್ ಅವರೆ, ಒಂದ್ ಹುರುಳಿ. ಅಮ್ಮನ ಹತ್ರಾನೂ ಹಂಗೇ. ಮಗು ಇಬ್ರಿಂದಾನೂ ಒಂದೊಂದು ಎತ್ಕೊಳುತ್ತೆ. ಎಷ್ಟ್ ಥರ ಆಗುತ್ತೆ, ನೀವೇ ಜೋಡಿಸಿ."

ಅತ್ತೆ ಒಂದೊಂದಾಗಿ ನಾಲ್ಕು ಜೋಡಿ ಇಟ್ಟರು. ಒಂದರಲ್ಲಿ ಎರಡೂ ಹುರುಳಿ. ಅದರ ಮೇಲೆ ಬೆರಳಿಟ್ಟರು.

"ಹಂಗಾದ್ರೆ, ನನ್ ಮಗಂದೂ ಸೇರದೆ ಈ ಜೋಡಿ ಆಗೋದೇ ಇಲ್ವಾ?"

"ಆಗಲ್ಲ ಕಣಮ್ಮ."

ಅತ್ತೆ ತಲೆಯೆತ್ತಿ, ಮೂರು ವರ್ಷದಲ್ಲಿ ಮೊದಲ ಸಲ, ನನ್ನನ್ನು ನೇರವಾಗಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಏನಪ್ಪಾ, ನಿಂತ್ಕೊಂಡ್ ನೋಡ್ತೀಯಲ್ಲ, ನಾಳೆನೇ ಹೋಗಿ ಮಾಡಿಸ್ಕೊಂಡ್ ಬನ್ನಿ" ಎಂದರು.

ಬೆಂಗಳೂರಿನಲ್ಲಿ ಪರೀಕ್ಷೆಯಾಗಿ, ಫಲಿತಾಂಶಕ್ಕೆ ಹನ್ನೆರಡು ದಿನ ಕಾಯಬೇಕಾಯಿತು. ಮೇಡಂ ಬೆಳಿಗ್ಗೆ ಸಂಜೆ ಫೋನು ಮಾಡುತ್ತಿದ್ದರು. "ಬಂತಾ?" ಎನ್ನುವುದೊಂದೇ ಮಾತು. ಈ ಮಗುವೂ ನನ್ನ, ನನ್ನ ಗಂಡನ ಹಾಗೆ ಒಂದೇ ಹುರುಳಿಕಾಳು ಹೊತ್ತಿದೆ, ಕಾಯಿಲೆಯಿಲ್ಲ ಎಂದು ತಿಳಿಸಿದಾಗ, "ನಾಲ್ಕರಲ್ಲಿ ಮೂರು ಪಾಲು ನಮ್ ಕಡೆಗೇ ಇತ್ತು ಕಣೇ. ಆದ್ರೂ ಹೆದರ್ಬಿಟ್ಟಿದ್ದೆ" ಎಂದರು.

ಕಳೆದ ಬೇಸಿಗೆಯಲ್ಲಿ ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಶಿವಮೊಗ್ಗದಲ್ಲಿದ್ದೆ. ದೊಡ್ಡ ಮಗಳ ಕೈಗೆ ರಕ್ತದ ಸೂಜಿ ಚುಚ್ಚಿದ್ದರು, ಎದ್ದು ಹೋಗುವಂತಿರಲಿಲ್ಲ. ವಾರ್ಡಿನ ಉದ್ದಕ್ಕೂ ಅತ್ತಿತ್ತ ನಡೆದೆ. ತರೀಕೆರೆ ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಕಡೂರಿನಿಂದ ಅತ್ತೆ ಒಬ್ಬರೇ ಬಸ್ಸು ಹತ್ತಿ ಬಂದು, ಮಣ್ಣು ಹಾಕಿ, ಮೇಡಂ ಮನೆಯ ಜಗಲಿಯ ಮೇಲೆ ನನಗಾಗಿ ಕಾಯುತ್ತಿದ್ದರು.

ಅಂದು ಬಸ್ಸಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಲು ಹೋದ ದಿನ, ಅವರು ಅದೇನೂ ದೊಡ್ಡದಲ್ಲ ಎಂದು ತೇಲಿಸಿಬಿಡಲಿಲ್ಲ. "ಬೇಜಾರಾಗಿತ್ತು ಕಣೇ, ಸುಳ್ಳ್ ಯಾಕ್ ಹೇಳ್ಲಿ" ಎಂದಿದ್ದರು. "ಮಾತು ಬಿಡೋಣ ಅನ್ಕೊಂಡೆ. ಆದ್ರೆ ನಿಂಗಾಗ್ಲೇ ಹತ್ತು ವಾರ ಆಗ್ಹೋಗಿತ್ತಲ್ಲ, ಉಳಿದಿದ್ದು ಎರಡೇ."