ಖಾಲಿ ಡಬ್ಬಿಯ ತೇವ

“ರೈಟ್ರೇ, ಬೀಜ ಕಟ್ ಅಂತ ಮುರೀತು. ಇವತ್ತೇ ಚೀಲಕ್ಕೆ ತುಂಬ್ಸಿ ಮಾರಾಯ್ರೇ,” ಎಂದು ಗಿರಿಜಕ್ಕ ತಾವು ಹಲ್ಲಿನಲ್ಲಿ ಕಡಿದ ಕಾಫಿಬೀಜವನ್ನು ಅಂಗೈಯಲ್ಲಿಟ್ಟು ತೋರಿಸಿದರು. ಕಣದಲ್ಲಿ ಕಾಫಿ ಒಣಗಿಸುತ್ತಲೇ ಅವರ ಕೂದಲು ಬೆಳ್ಳಗಾಗಿತ್ತು. ಆದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ನನಗೆ ಆಗಷ್ಟೇ ತೇವ ಅಳೆಯುವ ಹೊಸ ಮೀಟರ್ ಕೊಟ್ಟಿದ್ದರು. ಅದರ ಡಬ್ಬಿಗೆ ಬೀಜ ಹಾಕಿದರೆ ಅಂಕಿ ಬರುತ್ತದೆ; ಹತ್ತಕ್ಕಿಳಿದರೆ ಒಣಗಿದೆ ಎಂದರ್ಥ. ನಮ್ಮದು ಎರಡು ದಿನದಿಂದ ಹದಿನೈದರಲ್ಲೇ ಕೂತಿತ್ತು. ಆಲ್ದೂರಿನ ಕಡೆಯಿಂದ ಮೋಡ ಏರುತ್ತಿದ್ದರೂ ನಾನು ಜಗ್ಗಲಿಲ್ಲ.

ಗಿರಿಜಕ್ಕ ಮೀಟರನ್ನು ಇಸಿದುಕೊಂಡು, ಅದರೊಳಗಿದ್ದ ಬೀಜವನ್ನೆಲ್ಲ ಕಣಕ್ಕೆ ಸುರಿದು, ಖಾಲಿ ಡಬ್ಬಿಯನ್ನು ನನ್ನ ಮುಖಕ್ಕೆ ಹಿಡಿದರು. ಆಗಲೂ ಹದಿನೈದು!

“ಡಬ್ಬಿನೂ ಒಣಗಿಲ್ಲ ನೋಡಿ. ಇದನ್ನೂ ಎರಡು ದಿನ ಕಣಕ್ಕೆ ಹಾಕೋದಾ ರೈಟ್ರೇ?”

ಕಣದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀಟರನ್ನು ತಿರುಗಿಸಿ ನೋಡಿದೆ. ಅಂಕಿಯನ್ನು ತಡೆದು ನಿಲ್ಲಿಸುವ ಗುಂಡಿಯನ್ನು ಸರಿಯಾಗಿ ಹೆಬ್ಬೆರಳು ಕೂರುವ ಜಾಗದಲ್ಲೇ ಇಟ್ಟಿದ್ದ, ಅದನ್ನು ಮಾಡಿದ ಪುಣ್ಯಾತ್ಮ! ಮೊದಲ ದಿನವೇ ನನ್ನ ಬೆರಳು ಅದಕ್ಕೆ ತಾಗಿರಬೇಕು. ಆಮೇಲೆ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಅದು ಹಿಡಿದ ಅಂಕಿಯನ್ನು ಬಿಟ್ಟಿರಲಿಲ್ಲ. ನಾನೂ ನಗುತ್ತಲೇ ಚೀಲ ಹಿಡಿದೆ. ಕೊನೆಯ ಚೀಲ ಗೋದಾಮು ಸೇರುವಾಗ ಮೊದಲ ಹನಿ ಬಿತ್ತು.

ಈಗಲೂ ಯಾವ ಹೊಸ ಯಂತ್ರ ಬಂದರೂ ಮೊದಲು ಖಾಲಿಯಾಗಿಯೇ ಪರೀಕ್ಷಿಸುತ್ತೇನೆ. ಮೊನ್ನೆ ಮನೆಗೆ ತಂದ ತೂಕದ ಯಂತ್ರ, ಮೇಲೆ ಏನೂ ಇಡದೆಯೇ ಎರಡು ಕೆ.ಜಿ. ಎಂದಿತು. ಎತ್ತಿಕೊಂಡು ಹೋಗಿ ಅಂಗಳದ ಬಿಸಿಲಿಗಿಟ್ಟೆ.