ಮೆರ್ಕಾದಾ ಕೊಳ್ಳದ ಮಗು

ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಗ್ರೀಸಿನ ಸಲೋನಿಕಾದಲ್ಲಿ ನಾವು ಯಹೂದಿಗಳು ಬೆರಳೆಣಿಕೆಯಷ್ಟು ಉಳಿದಿದ್ದೆವು. ನಮ್ಮ ಬೀದಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ಮೆರ್ಕಾದಾ ನಾಜಿಗಳ ಯಾತನಾ ಶಿಬಿರದಿಂದ ಒಬ್ಬಳೇ ತಿರುಗಿ ಬಂದವಳು. ನಾನು ಬೆಟ್ಟದ ಹಳ್ಳಿಯೊಂದರಲ್ಲಿ ಅಡಗಿ ಉಳಿದವಳು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವಳನ್ನು ಮಾತ್ರ ಬಿಡುತ್ತಿರಲಿಲ್ಲ. ಹೇಗೆ ಬದುಕಿದೆ, ಎಂಥ ಗಟ್ಟಿ ಜೀವ ನಿನ್ನದು, ದೇವರಿಗೆ ನೀನೆಂದರೆ ಎಷ್ಟು ಪ್ರೀತಿ! ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಕೊನೆಗೆ ಊರವರು ಅವಳ ಹೆಸರಿನಲ್ಲೇ ಉತ್ತರ ಕಂಡುಕೊಂಡರು. ನಮ್ಮಲ್ಲಿ ಮಗು ಉಳಿಯುವುದು ಕಷ್ಟವೆನಿಸಿದರೆ ತಾಯಿ ಅದನ್ನು ನೆರೆಯವಳಿಗೆ ಒಂದು ಕಾಸಿಗೆ ಮಾರುತ್ತಾಳೆ. ಹೆಸರು ಬದಲಾಗುತ್ತದೆ: ಗಂಡಾದರೆ ಮೆರ್ಕಾದೊ, ಹೆಣ್ಣಾದರೆ ಮೆರ್ಕಾದಾ, ಅಂದರೆ ಕೊಂಡ ಮಗು. ಹಳೆಯ ಹೆಸರು ಹುಡುಕಿಕೊಂಡು ಬಂದ ಮೃತ್ಯುದೂತ ಬರಿಗೈಯಲ್ಲಿ ಹೋಗಬೇಕು. ಒಮ್ಮೆ ಏಮಾರಿದವನು ಶಿಬಿರದಲ್ಲೂ ಏಮಾರಿದ ಎಂದು ನಮ್ಮವರ ನಂಬಿಕೆ.

ನನ್ನ ಮಗ ದಾವಿಕೊ ಇನ್ನೂ ಕೂರಲು ಕಲಿಯುತ್ತಿದ್ದಾಗ ಎದೆ ಕಟ್ಟಿ ತುಟಿ ನೀಲಿಯಾಯಿತು. ಗಂಡನ ಸೋದರತ್ತೆ ಸುನ್ಹುಲಾ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡು ನೇರ ಮೆರ್ಕಾದಾಳ ಮನೆಗೆ ನಡೆದರು. ನಾನು ಹಿಂದೆಯೇ ಓಡಿದೆ.

"ತಗೊಳ್ಳೇ, ಇವನನ್ನ ಕೊಂಡ್ಕೊ," ಎಂದರು ಅತ್ತೆ.

"ನಾನೇ ಯಾಕೆ? ಬೀದೀಲಿ ಬೇರೆ ಯಾರೂ ಸಿಗ್ಲಿಲ್ವಾ?"

"ನಿನ್ನ ಕೈಗುಣ ಕಣೇ. ಸಾವೇ ನಿನ್ನ ನೋಡಿ ವಾಪಸ್ ಹೋಗಿದೆ."

ಮೆರ್ಕಾದಾ ಸೂಜಿಯನ್ನು ಹಾಸಿಗೆಗೆ ಚುಚ್ಚಿದಳು. "ಈ ಬೀದೀಲಿ ಮೂರು ಜನ ಮೆರ್ಕಾದಾ ಇದ್ವಿ. ಮಿಕ್ಕಿಬ್ಬರು ಶಿಬಿರದಲ್ಲಿ ರೈಲಿಳಿದ ದಿನಾನೇ ಹೋದ್ರು. ಅವರನ್ನ ಕೊಂಡಿದ್ದು ಖೋಟಾ ಕಾಸಿಗಾ?"

"ನಿನಗೆ ಬದುಕೋ ಛಲ ಇತ್ತು."

"ನನ್ನ ತಂಗಿ ಗ್ರಾಸಿಯಾಗೆ ಇರ್ಲಿಲ್ವಾ? ಸಾಲಾಗಿ ನಿಲ್ಸಿದ್ರು. ನನ್ನ ಕಾಲು ಹುಣ್ಣಾಗಿತ್ತು, ನಿಂತಿದ್ದು ಕೆಸರಲ್ಲಿ. 'ಅಕ್ಕ, ಇಲ್ಲಿ ಒಣಗಿದೆ, ಬಾ' ಅಂತ ನನ್ನ ತನ್ನ ಜಾಗಕ್ಕೆ ಎಳ್ಕೊಂಡು ಅವಳು ಕೆಸರಲ್ಲಿ ನಿಂತ್ಲು. ನಾಜಿ ಬಡ್ಡೀಮಗ ಒಬ್ಬ ಬಂದು ನಮ್ಮಿಬ್ಬರ ಮಧ್ಯೆ ಕೈ ಅಡ್ಡ ಇಟ್ಟ. ಅವಳ ಕಡೆಯವರು ಸಾಯೋಕೆ, ನನ್ನ ಕಡೆಯವರು ಕೆಲಸಕ್ಕೆ. ಅಷ್ಟೇ. ಇದರಲ್ಲಿ ನನ್ನ ಛಲ ಎಲ್ಲಿದೆ ತೋರ್ಸಿ. ನನ್ನ ಮೇಲೆ ದೇವರಿಗೆ ಪ್ರೀತಿ ಅಂತೀರಲ್ಲ, ಅವಳ ಮೇಲೆ ಸಿಟ್ಟಿತ್ತು ಅಂತಾನೂ ಅನ್ನಿ. ನನ್ನ ಮುಖ ನೋಡ್ಕೊಂಡು ಅನ್ನಿ."

ಮೆರ್ಕಾದಾ ಮಗುವನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡಳು. "ನಾನು ಕೊಳ್ಳಲ್ಲ. ಆಸ್ಪತ್ರೆಗೆ ನಡೀರಿ."

ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಮೇಲೆ ಕಾಲಿಯೋಪಿ ಎಂಬ ಗ್ರೀಕ್ ಹೆಂಗಸಿನ ಮಗಳಿದ್ದಳು. ಅದೇ ಕಾಯಿಲೆ, ಅದೇ ಔಷಧ, ಅದೇ ಡಾಕ್ಟರು. ಇಬ್ಬರು ತಾಯಂದಿರೂ ಒಂದೇ ರೊಟ್ಟಿ ಮುರಿದು ತಿಂದೆವು. ಮೆರ್ಕಾದಾ ದಿನವೂ ಬಂದು ನಮ್ಮ ಜೊತೆ ಕೂರುತ್ತಿದ್ದಳು. ಕೆಲವು ದಿನಗಳ ಮೇಲೆ ನನ್ನ ಮಗನ ತುಟಿ ಕೆಂಪಾಯಿತು. ಅವಳ ಮಗಳು ಹೋಗಿಬಿಟ್ಟಳು.

ಮನೆಗೆ ಬಂದರೆ ಸುನ್ಹುಲಾ ಅತ್ತೆ ಸಕ್ಕರೆ ಲೇಪಿಸಿದ ಬಾದಾಮಿ ಹಂಚುತ್ತಿದ್ದರು. "ನಾನು ಹೇಳ್ಲಿಲ್ವಾ? ಕೊಳ್ಳದಿದ್ರೂ ಅವಳು ಎತ್ಕೊಂಡಿದ್ದೇ ಸಾಕಾಯ್ತು."

"ಪಕ್ಕದ ಮಂಚದ ಮಗೂನೂ ನಾನು ಎತ್ಕೊಂಡಿದ್ದೆ," ಎಂದಳು ಮೆರ್ಕಾದಾ. "ಅವಳಮ್ಮ ಮುಖ ತೊಳೆಯೋಕೆ ಹೋದಾಗಲೆಲ್ಲ. ಬಾದಾಮಿ ಅಲ್ಲಿಗೂ ಕಳಿಸ್ತೀರಾ?"

ತಟ್ಟೆ ಹಿಡಿದಿದ್ದ ಅತ್ತೆಯ ಕೈ ಕೆಳಗಿಳಿಯಿತು. ಮೆರ್ಕಾದಾ ನನ್ನ ಅಡುಗೆಮನೆಗೆ ಹೋಗಿ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸತೊಡಗಿದಳು. ಸಾವಿನ ಮನೆಗೆ ನಾವು ಒಯ್ಯುವುದು ಅದನ್ನೇ. ಮೊಟ್ಟೆ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿತ್ತಳು. "ನಡಿ. ನೀನೂ ಬರ್ಬೇಕು."

ಬಾಗಿಲು ತೆರೆದ ಕಾಲಿಯೋಪಿ ನನ್ನನ್ನು ನೋಡಿ ಮೊದಲು ಕೇಳಿದ್ದು, "ನಿನ್ನ ಮಗು?"

ದೇವರ ದಯೆ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂತು. ನಾನು ತುಟಿ ಕಚ್ಚಿ ಹಿಡಿದೆ.

"ಬದುಕಿದೆ," ಎಂದಳು ಮೆರ್ಕಾದಾ. "ಯಾಕೆ ಅಂತ ನಮಗೆ ಗೊತ್ತಿಲ್ಲ ಕಣಮ್ಮ."

ಕಾಲಿಯೋಪಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಬೆಳಿಗ್ಗೆಯಿಂದ ಬಂದವರೆಲ್ಲ ನನ್ನ ಮಗಳು ಯಾಕೆ ಹೋದ್ಲು ಅಂತ ನನಗೆ ಹೇಳ್ಕೊಟ್ಟು ಹೋದ್ರು. ನೀವಾದ್ರೂ ಬಂದು ಕೂತ್ಕೊಳ್ಳಿ."