‘ಪ್ರಕಟಿಸು’ ಗುಂಡಿ ಮತ್ತು ನಮ್ಮ ತೇಪೆಯಣ್ಣ

ನಮ್ಮಣ್ಣನನ್ನು ಅವನ ಕಸುಬಿನವರೆಲ್ಲ ತೇಪೆ ಎಂದು ಕರೆಯುತ್ತಿದ್ದರು. ಹೊಲಿಗೆ ಅಂಗಡಿ ಇಟ್ಟವಳು ನಾನು, ಹೆಸರು ಬಂದದ್ದು ಅವನಿಗೆ! ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ನಡುವೆ ಒಂದು ಪರದೆ, ಹಿಂದಿನ ಕೋಣೆಯಲ್ಲಿ ಅವನ ಎರಡು ಕಂಪ್ಯೂಟರು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ಬಿಚ್ಚಿ ತಿದ್ದಬಹುದಾದ ಬ್ಲಾಗ್ ತಂತ್ರಾಂಶವೊಂದನ್ನು ದೊಡ್ಡ ಕಂಪನಿಗಳಿಗೆ ಒಗ್ಗಿಸುವುದು ಅವನ ಹುಚ್ಚು. ಒಬ್ಬ ಮನುಷ್ಯ ತನಗೆ ತೋಚಿದ್ದನ್ನು ಬರೆದು, ‘ಪ್ರಕಟಿಸು’ ಅನ್ನುವ ಗುಂಡಿ ಒತ್ತಿ, ಲೋಕಕ್ಕೆ ಬಿಡಲೆಂದು ಹುಟ್ಟಿದ ಸರಂಜಾಮು ಅದು. ಅದರಲ್ಲಿ ಸಾವಿರ ಜನರ ಕಚೇರಿ ನಡೆಸುತ್ತೇನೆ ಅಂತ ಇವನು.

ಮೊದಲು ಹಿಡಿದದ್ದು ಬಿಸ್ಕತ್ತು ಕಾರ್ಖಾನೆ. ಬ್ಲಾಗಿನಲ್ಲಿ ಹೊಸ ಬರಹ ಮೇಲೆ, ಹಳೆಯದು ಕೆಳಗೆ. ಅಲ್ಲಿನ ಹನ್ನೊಂದು ವಿಭಾಗದ ಮುಖ್ಯಸ್ಥರಿಗೂ ತಮ್ಮದೇ ಮೇಲಿರಬೇಕು. ದಿನಾ ಬೆಳಿಗ್ಗೆ ಬಂದವರೇ ಹಳೆಯ ಸುತ್ತೋಲೆಯನ್ನು ಮತ್ತೆ ಪ್ರಕಟಿಸಿ ಮೇಲಕ್ಕೆ ಹತ್ತಿಸುತ್ತಿದ್ದರು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು? ನಾಲ್ಕು ತಿಂಗಳಿಗೆ ಆ ಬ್ಲಾಗು ಮುಚ್ಚಿತು. ಎರಡನೆಯದು ವಿಮಾ ಕಚೇರಿ. ಅವರಿಗೆ ಒಗ್ಗಲೆಂದು ತಂತ್ರಾಂಶಕ್ಕೆ ತಾನೇ ಬರೆದ ಮೂವತ್ತು ತೇಪೆ ಹಚ್ಚಿದ್ದ. ಮೂಲ ತಂತ್ರಾಂಶದ ಹೊಸ ಆವೃತ್ತಿ ಬಂದ ದಿನ ಮೂವತ್ತೂ ಒಟ್ಟಿಗೆ ಕಿತ್ತುಬಂದವು.

“ಇನ್ನೊಂದೇ ಒಂದು ಸಲ ಕಣೇ,” ಅಂದ. “ಇದೂ ಕೈಕೊಟ್ರೆ ಕಂಪ್ಯೂಟರ್ ಕೆಲಸಾನೇ ಬಿಟ್ಟುಬಿಡ್ತೀನಿ.”

ಆಡಿದ ಮಾತಿಗೆ ತಪ್ಪುವವನಲ್ಲ ಅವನು. ಅದಕ್ಕೇ ನನಗೆ ಭಯವಾಯಿತು. ಆ ಹಿಂದಿನ ಕೋಣೆ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿರಲಿಲ್ಲ.

ಮೂರನೆಯದು ಪೈಪು ತಯಾರಿಸುವ ಕಂಪನಿ. ಅಲ್ಲಿ ಯಾರೂ ಗುಂಡಿಯನ್ನೇ ಒತ್ತಲಿಲ್ಲ. ಬರೆದವರ ಹೆಸರು ಕೆಳಗೆ ತಾನಾಗಿ ಬೀಳುತ್ತದಲ್ಲ, ಅದೇ ಕಂಟಕ. ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ? “ಮೇಲಿನವರು ಒಪ್ಪಲಿ,” ಅಂದರು. ಅಣ್ಣ ಏಳು ಹಂತದ ಒಪ್ಪಿಗೆ ಜೋಡಿಸಿದ. ಹೆಸರು ತೆಗೆದು ‘ಆಡಳಿತ’ ಎಂದು ಹಾಕಿದ. ಕೊನೆಗೆ ‘ಪ್ರಕಟಿಸು’ ಅನ್ನುವ ಪದಕ್ಕೇ ಹೆದರುತ್ತಾರೆಂದು ಅದನ್ನು ಅಳಿಸಿ ‘ಮುಂದಕ್ಕೆ ಕಳುಹಿಸು’ ಎಂದು ಬರೆದ.

ಎಡವಿದ್ದು ಅಲ್ಲೇ. ಏಳನೆಯವರೂ ಮುಂದಕ್ಕೇ ಕಳುಹಿಸಿದರು. ಅವರ ಮುಂದೆ ಯಾರೂ ಇಲ್ಲದ್ದರಿಂದ ಅದು ತಿರುಗಿ ಮೊದಲನೆಯವರ ಬಳಿ ಬಂತು. ‘ನಾಳೆ ಮೂರನೇ ಮಹಡಿಯಲ್ಲಿ ನೀರು ಬರುವುದಿಲ್ಲ’ ಎಂಬ ಪ್ರಕಟಣೆ ಹತ್ತೊಂಬತ್ತು ದಿನ ಗಾಣದೆತ್ತಿನಂತೆ ಸುತ್ತಿತು. ಅದು ಯಾರಿಗೂ ತಲುಪುವ ಮೊದಲೇ ನೀರು ನಿಂತಿತು. ಪೈಪಿನ ಕಂಪನಿಯಲ್ಲಿ ಕೈ ತೊಳೆಯಲು ನೀರಿಲ್ಲ! ಅಣ್ಣನ ವಿಷಯದಲ್ಲಿ ಮಾತ್ರ ಅವರು ನೀರಿಲ್ಲದೆಯೇ ಕೈ ತೊಳೆದುಕೊಂಡರು.

ಆ ಮಧ್ಯಾಹ್ನ ಅವನು ಪರದೆ ಸರಿಸಿ ಬಂದು ನನ್ನ ಮೇಜಿನ ಪಕ್ಕ ಕೂತ. ಮುಖ ಬಾಡಿತ್ತು. ನಾನು ಒಂದು ಫ್ರಾಕಿನ ಹೊಲಿಗೆ ಬಿಚ್ಚುತ್ತಿದ್ದೆ.

“ಎಲ್ಲಿ ತಪ್ಪಿದೆ ನಾನು?”

“ಇದು ಐದು ವರ್ಷದ ಮಗು ಫ್ರಾಕು. ಎಷ್ಟು ತೇಪೆ ಹಾಕಿದ್ರೆ ಇದು ಅಜ್ಜನ ಕೋಟಾಗುತ್ತೆ, ಹೇಳಣ್ಣ? ಆಗ್ಲಿಲ್ಲ ಅಂತ ಫ್ರಾಕನ್ನ ಬೈಯೋಕಾಗುತ್ತಾ?”

ಅವನು ಫ್ರಾಕನ್ನು ಎತ್ತಿ ತಿರುವಿ ನೋಡಿ, ಎದ್ದು ಒಳಗೆ ಹೋದ. ಕಂಪ್ಯೂಟರಿನ ತಂತಿ ಕೀಳುತ್ತಾನೆಂದು ಕಿವಿಗೊಟ್ಟು ಕೂತೆ. ಬಂದದ್ದು ಕೀಲಿಮಣೆಯ ಸದ್ದು. ಸಂಜೆಯ ತನಕ ನಿಲ್ಲಲಿಲ್ಲ.

“ಬಾ ಇಲ್ಲಿ, ಓದು,” ಎಂದು ಕರೆದ. ಒಂದೂ ತೇಪೆಯಿಲ್ಲದೆ, ಹುಟ್ಟಿದಂತೆಯೇ ಇದ್ದ ಬ್ಲಾಗು. ತನ್ನ ಮೂರು ಸೋಲನ್ನೂ ಬಿಡಿಸಿ ಬರೆದಿದ್ದ, ಯಾರನ್ನೂ ಬೈದಿರಲಿಲ್ಲ. ನನಗೆ ಕಣ್ಣು ತುಂಬಿತು. ಆದರೆ ‘ಪ್ರಕಟಿಸು’ ಮೇಲೆ ಇಟ್ಟ ಬೆರಳನ್ನು ಅವನು ಒತ್ತದೆ ಹಿಂದಕ್ಕೆ ತೆಗೆದ. ಹನ್ನೆರಡು ವರ್ಷ ಊರವರಿಗೆಲ್ಲ ಆ ಗುಂಡಿ ಹೊಲಿದು ಕೊಟ್ಟವನು ತಾನು ಒಮ್ಮೆಯೂ ಅದನ್ನು ಒತ್ತಿರಲಿಲ್ಲ!

“ನೀನೇ ಒತ್ತೇ,” ಅಂದ.

“ಯಾಕಣ್ಣ, ಮುಂದಕ್ಕೆ ಕಳಿಸ್ತಿದೀಯಾ?”

ಪಕ್ಕನೆ ನಕ್ಕುಬಿಟ್ಟ. ನಗುತ್ತಲೇ ಒತ್ತಿದ. ಬರಹದ ಕೆಳಗೆ ಅಮ್ಮ ಇಟ್ಟ ಹೆಸರು ತಾನಾಗಿ ಬಿತ್ತು. ಅಂದಿನಿಂದ ದೊಡ್ಡ ಕಂಪನಿಗಳ ಸಹವಾಸ ಬಿಟ್ಟ. ಕಂಪ್ಯೂಟರು ಬಿಡಲಿಲ್ಲ; ಜೀವಮಾನದಲ್ಲಿ ಅದೊಂದೇ ಸಲ ಅವನು ಮಾತಿಗೆ ತಪ್ಪಿದ್ದು.